ಗಾದೆಗೆ ಮೊದಲು ಬಾಯಿ ಹುಡುಕಿ: ರೋಮನ್ ಮಾತುಗಳನ್ನು ದಿನದ ಬಾಳಿಗೆ ತರುವ ಬಗೆ

ಇಪ್ಪತ್ತೆಂಟು ವರ್ಷ ಪ್ರೂಫ್ ನೋಡಿದವಳು ನಾನು. ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಅಕ್ಷರವೆಲ್ಲ ನೆಟ್ಟಗಿದ್ದು ಮಾತೇ ತಲೆಕೆಳಗಾಗಿದ್ದರೆ ಮಾತ್ರ ನನ್ನ ಕಣ್ಣಿಗೂ ಬೀಳುವುದಿಲ್ಲ ಎಂದು ಗೊತ್ತಾದದ್ದು ಒಂದು ಶಾಲೆಯ ಸ್ಮರಣ ಸಂಚಿಕೆಯಿಂದ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ನಾವು ಕಲಿಯುವುದು ಶಾಲೆಗಾಗಿ ಅಲ್ಲ, ಬದುಕಿಗಾಗಿ’ ಎಂದು ಹಾಕಿ ಕೆಳಗೆ ರೋಮಿನ ತತ್ವಜ್ಞಾನಿ ಸೆನೆಕನ ಹೆಸರು ಕೊಟ್ಟಿದ್ದರು. ಸೆನೆಕ ಎನ್ನಬೇಕೋ ಸೆನೆಕಾ ಎನ್ನಬೇಕೋ ಎಂದು ಅರ್ಧ ಗಂಟೆ ಒದ್ದಾಡಿ, ಕೊನೆಗೆ ದೀರ್ಘ ಕೊಟ್ಟು ಅಚ್ಚಿಗೆ ಕಳಿಸಿದೆ.

ಎಷ್ಟೋ ಕಾಲದ ಮೇಲೆ ಸೆನೆಕಾ ತನ್ನ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರಗಳನ್ನು ಓದುತ್ತಾ 106ನೆಯದರ ಕೊನೆಗೆ ಬಂದೆ. ಅಲ್ಲಿದ್ದದ್ದು ‘ನೋನ್ ವೀತೈ ಸೆದ್ ಸ್ಕೋಲೈ ದಿಸ್ಕಿಮುಸ್’. ಅಂದರೆ, ನಾವು ಬದುಕಿಗಾಗಿ ಕಲಿಯುತ್ತಿಲ್ಲ, ಪಾಠಶಾಲೆಗಾಗಿ ಕಲಿಯುತ್ತಿದ್ದೇವೆ. ಪೂರಾ ಉಲ್ಟಾ. ಒಳಿತು ಎಂಬುದಕ್ಕೆ ಮೈ ಇದೆಯೋ ಇಲ್ಲವೋ ಎಂಬ ಕೂದಲು ಸೀಳುವ ಚರ್ಚೆಯನ್ನು ಇಡೀ ಪತ್ರದಲ್ಲಿ ಮಾಡಿ, ಕಡೆಗೆ ತನ್ನ ಮೇಲೆಯೇ ಬೇಸತ್ತು, ನಾವು ಚೌಕಾಬಾರದ ಕಾಯಿ ನಡೆಸುವ ಹಾಗೆ ಆಡುತ್ತಿದ್ದೇವೆ ಎಂಬರ್ಥದಲ್ಲಿ ಗೊಣಗಿದ್ದಾನೆ. ಅವನ ಗೊಣಗಾಟವನ್ನು ಆಮೇಲಿನವರು ಮಗುಚಿ ಹಾಕಿ ಶಾಲೆಯ ಬಾಗಿಲಿಗೆ ಒಪ್ಪುವ ಉಪದೇಶ ಮಾಡಿಕೊಂಡರು. ನಾನು ಅದಕ್ಕೆ ದೀರ್ಘ ತಿದ್ದಿ ಕೊಟ್ಟೆ.

ಆ ನಾಚಿಕೆಯಿಂದ ಶುರುವಾದದ್ದು ನನ್ನ ಗಾದೆ ನೋಟುಬುಕ್ಕು. ರೋಮನ್ನರ ಮಾತುಗಳನ್ನು ಗೋಡೆಗೆ ಅಂಟಿಸುವ ಬದಲು ದಿನದ ಬಾಳಿಗೆ ಹಚ್ಚಿಕೊಳ್ಳುವುದು ಹೇಗೆ ಎಂದು ನನ್ನನ್ನು ಕೇಳುವವರಿಗೆ ಈ ನೋಟುಬುಕ್ಕನ್ನೇ ತೋರಿಸುತ್ತೇನೆ. ಲ್ಯಾಟಿನ್ ಬರಬೇಕಾಗಿಲ್ಲ. ನನಗೂ ನಿಘಂಟು ಪಕ್ಕಕ್ಕಿಟ್ಟುಕೊಂಡು ತಡವರಿಸುವಷ್ಟೇ ಬರುತ್ತದೆ.

ಒಂದು ಗಾದೆಗೆ ಒಂದು ಪುಟ

ಗೆರೆ ಇರುವ ಸಾದಾ ನೋಟುಬುಕ್ಕು ಸಾಕು. ಒಂದು ಗಾದೆಗೆ ಒಂದೇ ಪುಟ. ಮೇಲೆ ಮಾತು, ಅದರ ಕೆಳಗೆ ನಾಲ್ಕು ಪ್ರಶ್ನೆ: ಯಾರು ಹೇಳಿದ್ದು, ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ದನಿಯಲ್ಲಿ. ಕೊನೆಯದೇ ಮುಖ್ಯ, ಜನ ಕೇಳದೆ ಬಿಡುವುದೂ ಅದನ್ನೇ. ಉಪದೇಶವೋ ಗೊಣಗಾಟವೋ ತಮಾಷೆಯೋ ಬೈಗುಳವೋ ಎಂದು ತಿಳಿಯದೆ ಗಾದೆ ಎತ್ತಿಕೊಂಡರೆ ನನ್ನ ಸ್ಮರಣ ಸಂಚಿಕೆಯ ಗತಿಯೇ. ಪುಟದ ಕೆಳಗಿನ ಅರ್ಧ ಖಾಲಿ ಬಿಡಿ. ಅದು ನೀವು ಆ ಮಾತನ್ನು ಎಲ್ಲಿ ಬಳಸಿದಿರಿ, ಏನಾಯಿತು ಎಂದು ಬರೆಯಲು.

ಈ ಪ್ರಶ್ನೆಗಳು ಏನು ಮಾಡುತ್ತವೆ ನೋಡಿ. ‘ಹನಿ ಬಿದ್ದು ಕಲ್ಲು ಸವೆಯುತ್ತದೆ’ ಎಂಬ ಮಾತನ್ನು ಪರೀಕ್ಷೆಗೆ ಓದುವ ಮಕ್ಕಳ ಮೇಜಿನ ಮೇಲೆ ಅಂಟಿಸಿರುತ್ತಾರೆ. ‘ಗುತ್ತಾ ಕವಾತ್ ಲಾಪಿದೆಮ್’ ಎಂದು ಬರೆದದ್ದು ಓವಿಡ್. ಅಗಸ್ಟಸ್ ಚಕ್ರವರ್ತಿ ಕ್ರಿ.ಶ. 8ರಲ್ಲಿ ಅವನನ್ನು ರೋಮಿನಿಂದ ಕಪ್ಪು ಸಮುದ್ರದ ದಡದ ತೋಮಿಸ್‌ಗೆ ಗಡೀಪಾರು ಮಾಡಿದ್ದ. ಇಂದಿನ ರೊಮೇನಿಯಾದ ಕಾನ್‌ಸ್ತಾಂತ್ಸ ಅದೇ ಊರು. ಅಲ್ಲಿ ಆರನೆಯ ಬೇಸಿಗೆ ಕಳೆಯುತ್ತಾ ಗೆಳೆಯನಿಗೆ ಬರೆದ ಕವಿತೆಯಲ್ಲಿ ಈ ಸಾಲು ಬರುತ್ತದೆ. ಹನಿ ಕಲ್ಲನ್ನು ಕೊರೆಯುತ್ತದೆ, ತೊಟ್ಟ ಉಂಗುರ ಸವೆಯುತ್ತದೆ, ಕಾಲ ಎಲ್ಲವನ್ನೂ ತಿನ್ನುತ್ತದೆ, ನನ್ನೊಬ್ಬನನ್ನು ಬಿಟ್ಟು. ನನ್ನ ಗಟ್ಟಿತನಕ್ಕೆ ಸಾವೂ ಸೋತು ತಡಮಾಡುತ್ತಿದೆ. ಹೀಗೆ ಸಾಗುತ್ತದೆ ಅವನ ಅಳಲು. ಅಲ್ಲಿ ಅವನು ಹನಿಯಲ್ಲ, ಸವೆಯಲಾರದೆ ಉಳಿದ ಕಲ್ಲು. ‘ಬಲದಿಂದಲ್ಲ, ಮತ್ತೆ ಮತ್ತೆ ಬೀಳುವುದರಿಂದ’ ಎಂಬ ಬಾಲ ಆಮೇಲೆ ಸೇರಿಸಿದ್ದು.

ಹಾಗಂತ ಮಕ್ಕಳ ಮೇಜಿನಿಂದ ಅದನ್ನು ಕಿತ್ತುಹಾಕಬೇಕಿಲ್ಲ. ನಾನು ಮಾತ್ರ ಈಗ ಅದನ್ನು ಬೇರೆ ಕಡೆ ಬಳಸುತ್ತೇನೆ. ದೀರ್ಘ ಕಾಯಿಲೆಯಲ್ಲಿ ಮಲಗಿದ ಗೆಳತಿಯೊಬ್ಬಳು ‘ಇನ್ನೂ ಎಷ್ಟು ದಿನವೇ’ ಎಂದಾಗ ಓವಿಡನ ಪೂರ್ತಿ ಸಾಲು ಹೇಳಿದೆ. ‘ಅವನಿಗೂ ಹೀಗೇ ಆಗಿತ್ತಾ’ ಎಂದು ನಕ್ಕಳು. ಧೈರ್ಯ ಹೇಳುವ ಮಾತು ಅವಳಿಗೆ ಆಗಲೇ ಸಾಕಾಗಿ ಹೋಗಿತ್ತು.

ಕ್ರಿಯಾಪದವನ್ನು ಅಗಿಯಿರಿ

ಮಾತಿನಲ್ಲಿ ಒಂದೇ ಒಂದು ಲ್ಯಾಟಿನ್ ಪದದ ಅರ್ಥ ನೋಡುತ್ತೀರಾದರೆ ಕ್ರಿಯಾಪದವನ್ನು ನೋಡಿ. ‘ಕಾರ್ಪೆ ದಿಯೆಮ್’ ಎಂಬುದನ್ನು ‘ದಿನವನ್ನು ವಶಪಡಿಸಿಕೋ’ ಎಂದು ಕನ್ನಡಿಸಿದವರಿದ್ದಾರೆ, ಕೋಟೆ ಗೆಲ್ಲುವ ಹಾಗೆ. ಕಾರ್ಪೆ ಎಂದರೆ ಹೂವು ಬಿಡಿಸು, ಹಣ್ಣು ಕೀಳು. ಹೊರೇಸ್ ಕ್ರಿ.ಪೂ. 23ರಲ್ಲಿ ಪ್ರಕಟಿಸಿದ ಹಾಡುಗಳಲ್ಲಿ ಲ್ಯೂಕೊನೊಯೆ ಎಂಬವಳಿಗೆ ಇದನ್ನು ಹೇಳುತ್ತಾನೆ. ಅವಳು ಆಯುಸ್ಸು ಎಷ್ಟೆಂದು ತಿಳಿಯಲು ಬ್ಯಾಬಿಲೋನಿನ ಲೆಕ್ಕದ ಜೋಯಿಸರ ಹಿಂದೆ ಬಿದ್ದಿದ್ದಾಳೆ. ಹೊರಗೆ ಚಳಿಗಾಲದ ಸಮುದ್ರ ಬಂಡೆಗೆ ಬಡಿಯುತ್ತಿದೆ. ‘ದ್ರಾಕ್ಷಾರಸ ಸೋಸು, ಉದ್ದದ ಆಸೆಯನ್ನು ಮೊಟಕು ಮಾಡು, ನಾಳೆಯನ್ನು ಆದಷ್ಟು ಕಡಿಮೆ ನಂಬಿ ಈ ದಿನವನ್ನು ಬಿಡಿಸಿಕೋ’ ಎನ್ನುತ್ತಾನೆ.

ಬಿಡಿಸಿಕೊಳ್ಳುವುದಕ್ಕೂ ವಶಪಡಿಸಿಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ! ಗಿಡದ ಹೂವನ್ನೆಲ್ಲ ಒಂದೇ ಸಲ ಬಿಡಿಸುವುದಿಲ್ಲ, ಅರಳಿದ್ದನ್ನು ಮಾತ್ರ. ಬೆಳಿಗ್ಗೆ ಎದ್ದು ಹನ್ನೆರಡು ಕೆಲಸದ ಪಟ್ಟಿ ಬರೆಯುವ ಚಾಳಿ ನನಗಿತ್ತು. ಈಗ ‘ಇವತ್ತು ಅರಳಿದ್ದು ಯಾವುದು’ ಎಂದು ಕೇಳಿಕೊಂಡು ಒಂದನ್ನು ಬರೆಯುತ್ತೇನೆ. ಉಳಿದವು ಮೊಗ್ಗು, ಗಿಡದಲ್ಲಿರಲಿ.

ಹೇಳಿದವನಿಗೆ ಏನಾಯಿತು?

ಇದು ನಾಲ್ಕು ಪ್ರಶ್ನೆಗಳ ಹೊರಗಿನ ಐದನೆಯದು, ಕೆಲವು ಗಾದೆಗಳಿಗೆ ಮಾತ್ರ. ‘ಧೈರ್ಯವಂತರಿಗೆ ಅದೃಷ್ಟ ಒಲಿಯುತ್ತದೆ’ ಎಂಬ ಮಾತು ಟೆರೆನ್ಸ್ ಬರೆದು ಕ್ರಿ.ಪೂ. 161ರಲ್ಲಿ ರಂಗಕ್ಕೆ ಬಂದ ‘ಫೋರ್ಮಿಯೋ’ ಹಾಸ್ಯನಾಟಕದಲ್ಲಿದೆ. ಅಪ್ಪನಿಗೆ ಹೆದರಿ ನಡುಗುವ ಎಳೆಯ ಯಜಮಾನನಿಗೆ ಗೇಟಾ ಎಂಬ ಗುಲಾಮ ಹೇಳುವ ಮಾತು ಅದು. ಇದಾಗಿ ಇನ್ನೂರೈವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ, ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿಯಿತು. ಮಿಸೇನಮ್‌ನಲ್ಲಿ ನೌಕಾಪಡೆಯ ಮುಖ್ಯಸ್ಥನಾಗಿದ್ದ ಹಿರಿಯ ಪ್ಲಿನಿ ದಡದ ಜನರನ್ನು ಕಾಪಾಡಲು ಹಡಗು ಹೊರಡಿಸಿದ. ಬಿಸಿ ಬೂದಿ, ಸುಟ್ಟ ಕಲ್ಲು ಡೆಕ್ಕಿನ ಮೇಲೆ ಬೀಳುತ್ತಿತ್ತು. ಹಿಂತಿರುಗೋಣ ಎಂದ ಚುಕ್ಕಾಣಿಗನಿಗೆ ಅವನು ಇದೇ ಮಾತು ಹೇಳಿ, ‘ಪೊಂಪೋನಿಯಾನಸ್ ಇರುವಲ್ಲಿಗೆ ನಡೆ’ ಎಂದ. ಆ ಗೆಳೆಯನಿದ್ದ ಸ್ಟೇಬಿಯೈ ದಡ ಸೇರಿದ. ಅಲ್ಲಿಂದ ಜೀವಂತ ಮರಳಲಿಲ್ಲ. ಅವನ ತಂಗಿಯೋ ಅಕ್ಕನೋ, ಅಂತೂ ಒಡಹುಟ್ಟಿದವಳ ಮಗ ಕಿರಿಯ ಪ್ಲಿನಿ ಇದನ್ನೆಲ್ಲ ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರದಲ್ಲಿ ಬರೆದಿಟ್ಟಿದ್ದಾನೆ.

ಈ ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡ ಮೇಲೆ ಆ ಗಾದೆಯ ಅಳತೆ ನನಗೆ ಸಿಕ್ಕಿತು. ಅಪ್ಪನ ಎದುರು ಬಾಯಿ ಬಿಡಬೇಕಾದ ಜಾಗದಲ್ಲಿ ಅದು ಒಳ್ಳೆಯ ಗಾದೆ. ಬೆಟ್ಟ ಸಿಡಿಯುವಾಗ ಚುಕ್ಕಾಣಿಗನ ಮಾತೇ ಮೇಲು. ನನ್ನ ಪುಟದ ಕೆಳಗೆ ಹೀಗಿದೆ: ‘ಸಂಬಳ ಏರಿಸಿ ಎಂದು ಕೇಳಲು ಬಾಗಿಲ ಹೊರಗೆ ನಿಂತು ಇದನ್ನು ಮೂರು ಸಲ ಹೇಳಿಕೊಂಡೆ. ಏರಿಸಿದರು. ಹದಿನಾಲ್ಕು ವರ್ಷ ಯಾಕೆ ಕೇಳಲಿಲ್ಲ ಎಂದೂ ಕೇಳಿದರು.’

ಪ್ಲಿನಿ ಸತ್ತದ್ದು ಧೈರ್ಯದಿಂದಲೋ ಹಟದಿಂದಲೋ ಎಂದು ನಾನು ತೀರ್ಮಾನ ಮಾಡುವುದಿಲ್ಲ. ಹೋದದ್ದು ಜನರನ್ನು ಉಳಿಸಲು.

ಅರ್ಧ ಕತ್ತರಿಸಿದ ಗಾದೆ

ಟೆರೆನ್ಸನದೇ ಇನ್ನೊಂದು: ‘ನಾನು ಮನುಷ್ಯ, ಮನುಷ್ಯನಿಗೆ ಸಂಬಂಧಿಸಿದ್ದು ಯಾವುದೂ ನನಗೆ ಹೊರಗಿನದಲ್ಲ.’ ಮಹಾ ಉದಾರ ಮಾತು. ನಾಟಕದಲ್ಲಿ ಇದನ್ನು ಹೇಳುವವನು ಕ್ರೆಮೆಸ್ ಎಂಬ ನೆರೆಮನೆಯವನು. ‘ನನ್ನ ವಿಷಯ ನಿನಗೇಕೆ’ ಎಂದು ಪಕ್ಕದ ಹೊಲದವನು ಕೇಳಿದಾಗ ಮೂಗು ತೂರಿಸಿದ್ದಕ್ಕೆ ಅವನು ಕೊಟ್ಟ ಸಮಜಾಯಿಷಿ. ಎರಡು ಅರ್ಥವೂ ಇರಲಿ. ಆದರೆ ಯಾರದೋ ಮನೆಯ ಸುದ್ದಿ ಕೇಳುವ ಮುಂಚೆ ನಾನೀಗ ಕ್ರೆಮೆಸನನ್ನು ನೆನೆಯುತ್ತೇನೆ.

ವಿಡಂಬನ ಕವಿ ಜುವೆನಾಲನ ‘ಗಟ್ಟಿ ದೇಹದಲ್ಲಿ ಗಟ್ಟಿ ಮನಸ್ಸು’ ವ್ಯಾಯಾಮಶಾಲೆಯ ಘೋಷಣೆಯಲ್ಲ, ದೇವರಲ್ಲಿ ಏನಾದರೂ ಬೇಡುವುದಿದ್ದರೆ ಅದನ್ನು ಬೇಡಿಕೋ ಎಂದದ್ದು. ಹಣ, ಅಧಿಕಾರ, ರೂಪ, ದೀರ್ಘಾಯುಸ್ಸು ಬೇಡಿ ಕೆಟ್ಟವರ ಕತೆ ಹೇಳಿ ಮುಗಿಸಿದ ಮೇಲಿನ ಸಾಲು.

ನನಗೆ ಹತ್ತಿರವಾದದ್ದು ಚಮ್ಮಾರನ ಕತೆ. ‘ಚಪ್ಪಲಿಯಿಂದ ಮೇಲಕ್ಕೆ ಹೋಗಬೇಡ’ ಎಂಬ ಗಾದೆಯನ್ನು ಲೇಖಕರೊಬ್ಬರು ನನ್ನ ಪ್ರೂಫಿನ ಅಂಚಿನಲ್ಲಿ ಕೆಂಪಿನಲ್ಲಿ ಬರೆದು ಕಳಿಸಿದ್ದರು. ಅವರ ಅಧ್ಯಾಯದಲ್ಲಿ ಕೂಡಿಸುವ ಲೆಕ್ಕ ತಪ್ಪಿತ್ತು, ನಾನು ಗುರುತು ಹಾಕಿದ್ದೆ. ಅಕ್ಷರ ನೋಡುವವಳಿಗೆ ಅಂಕಿಯ ಉಸಾಬರಿ ಯಾಕೆ ಎಂದು ಅವರ ಸಿಟ್ಟು. ಅವಮಾನವಾಗಿ ಹಿರಿಯ ಪ್ಲಿನಿಯ ನಿಸರ್ಗ ಚರಿತ್ರೆಯ 35ನೆಯ ಸಂಪುಟ ತೆರೆದೆ. ಚಿತ್ರಕಾರ ಅಪೆಲ್ಲೆಸ್ ತನ್ನ ಚಿತ್ರಗಳನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟು, ತಾನು ಹಿಂದೆ ಅಡಗಿ ಅವರ ಮಾತು ಕೇಳುತ್ತಿದ್ದ. ಚಮ್ಮಾರನೊಬ್ಬ ಚಪ್ಪಲಿಗೆ ಒಂದು ಕುಣಿಕೆ ಕಡಿಮೆಯಾಗಿದೆ ಎಂದ. ಅಪೆಲ್ಲೆಸ್ ತಿದ್ದಿದ! ಮರುದಿನ ತಿದ್ದಿದ್ದನ್ನು ನೋಡಿ ಉಬ್ಬಿದ ಚಮ್ಮಾರ ಕಾಲಿನಲ್ಲೂ ತಪ್ಪು ಹುಡುಕಿದ. ಆಗ ಬಂತು ಆ ಮಾತು. ಗಾದೆ ಹೇಳುವವರು ಎರಡನೆಯ ದಿನವನ್ನಷ್ಟೇ ಹೇಳುತ್ತಾರೆ. ಮೊದಲನೆಯ ದಿನ ದೊಡ್ಡ ಚಿತ್ರಕಾರ ಬಾಯಿ ಮುಚ್ಚಿಕೊಂಡು ಕುಣಿಕೆ ಬರೆದ. ಲೇಖಕರಿಗೆ ಈ ಪೂರ್ತಿ ಕತೆ ಬರೆದು ಪ್ರೂಫನ್ನು ವಾಪಸು ಕಳಿಸಿದೆ. ಉತ್ತರ ಬರಲಿಲ್ಲ, ಲೆಕ್ಕ ಮಾತ್ರ ಸರಿಯಾಗಿ ಅಚ್ಚಾಯಿತು.

ಎದುರುಬದುರಾಗುವ ಗಾದೆಗಳನ್ನು ಜೋಡಿಸಿಡಿ

ಇನ್ನು ಪುಬ್ಲಿಲಿಯಸ್ ಸೈರಸ್. ಹೊಸಬರಿಗೆ ನಾನು ಮೊದಲು ಕೊಡುವುದು ಇವನನ್ನೇ. ಸಿರಿಯಾದಿಂದ ಗುಲಾಮನಾಗಿ ಬಂದವನು, ಚುರುಕು ಬುದ್ಧಿಯಿಂದ ಬಿಡುಗಡೆ ಪಡೆದವನು, ಬೀದಿಜನ ನಗುವ ಮೈಮ್ ಆಟಗಳನ್ನು ಬರೆದು ತಾನೇ ಆಡಿದವನು. ಅವನ ಆಟಗಳು ಕಳೆದುಹೋಗಿವೆ. ಅವುಗಳಿಂದ ಹೆಕ್ಕಿದ ಒಂದೊಂದು ಸಾಲಿನ ಮಾತುಗಳು ಸುಮಾರು 700 ಉಳಿದಿವೆ, ಅಕ್ಷರಾನುಕ್ರಮದಲ್ಲಿ. ಅವನ್ನು ಶಾಲೆಯಲ್ಲಿ ಓದಿಸುತ್ತಿದ್ದರು. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಹುಡುಗನಾಗಿದ್ದಾಗ ಇವನ ಸಾಲು ಓದಿದ್ದನ್ನು ನೆನೆಸಿಕೊಂಡಿದ್ದಾನೆ.

ಅಕ್ಷರಾನುಕ್ರಮದ ತಮಾಷೆ ಎಂದರೆ ಒಂದೇ ಪುಟದಲ್ಲಿ ಎರಡು ಸಾಲು ಜಗಳಕ್ಕೆ ನಿಲ್ಲುತ್ತವೆ. ‘ಒಳ್ಳೆಯದನ್ನು ಯೋಚಿಸುತ್ತಾ ತಡಮಾಡುವುದೇ ಅತಿ ಸುರಕ್ಷಿತ’ ಎನ್ನುತ್ತದೆ ಒಂದು. ‘ಯೋಚಿಸುತ್ತಾ ಕೂತರೆ ಒಳ್ಳೆಯ ಅವಕಾಶ ಎಷ್ಟೋ ಸಲ ಕೈಬಿಟ್ಟು ಹೋಗುತ್ತದೆ’ ಎನ್ನುತ್ತದೆ ಪಕ್ಕದ್ದು. ಇದನ್ನು ನೋಡಿ ಗಾದೆಗಳೆಲ್ಲ ಬೊಗಳೆ ಎಂದು ನಗುವವರಿದ್ದಾರೆ. ಆದರೆ ಇವು ನಾಟಕದ ಮಾತುಗಳು. ಒಂದು ಪಾತ್ರಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು. ನಿಮ್ಮ ನೋಟುಬುಕ್ಕಿನಲ್ಲಿ ಇಂಥ ಜೋಡಿಗಳಿಗೆ ಎದುರುಬದುರು ಪುಟ ಕೊಡಿ. ಬಳಸುವಾಗ ನಿಮ್ಮ ಸ್ವಭಾವಕ್ಕೆ ಎದುರಾದ ಮಾತನ್ನು ಆರಿಸಿಕೊಳ್ಳಿ. ನಾನು ಎಲ್ಲವನ್ನೂ ಮುಂದಕ್ಕೆ ಹಾಕುವವಳು. ತಡವೇ ಸುರಕ್ಷಿತ ಎಂಬ ಗಾದೆ ನನ್ನ ಕೈಯಲ್ಲಿ ಬರೀ ನೆವವಾಗುತ್ತದೆ. ನನ್ನ ತಮ್ಮ ಹಾಗಲ್ಲ, ಕೇಳುವ ಮೊದಲೇ ಸಹಿ ಹಾಕುವವನು. ಅವನಿಗೆ ಅದನ್ನೇ ದೊಡ್ಡಕ್ಷರದಲ್ಲಿ ಬರೆದು ಕೊಟ್ಟಿದ್ದೇನೆ.

ಪುಬ್ಲಿಲಿಯಸ್ ಹೆಸರಾದ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ಕ್ರಿ.ಪೂ. 46ರಲ್ಲಿ ಸೀಸರ್ ನಡೆಸಿದ ಉತ್ಸವದಲ್ಲಿ ಮೈಮ್ ಸ್ಪರ್ಧೆ. ಲಬೇರಿಯಸ್ ಎಂಬ ಅರವತ್ತು ವರ್ಷದ ಬರಹಗಾರನನ್ನು ಸೀಸರ್ ಐದು ಲಕ್ಷ ಸೆಸ್ಟೆರ್ಸ್ ಕೊಟ್ಟು ಸ್ವತಃ ರಂಗಕ್ಕೆ ಇಳಿಸಿದ. ಲಬೇರಿಯಸ್ ಅಶ್ವಾರೋಹಿ ವರ್ಗದವನು, ಮೈಮ್‌ನಲ್ಲಿ ಆಡಿದರೆ ಆ ಅಂತಸ್ತೇ ಹೋಗುತ್ತಿತ್ತು. ಸೀಸರನಿಗೆ ಇಲ್ಲ ಎನ್ನುವವರು ಯಾರು? ಅವನು ಚಾಟಿಯೇಟು ತಿನ್ನುವ ಸಿರಿಯಾದ ಗುಲಾಮನ ವೇಷದಲ್ಲಿ ಬಂದು, ‘ರೋಮನ್ನರೇ, ನಮ್ಮ ಸ್ವಾತಂತ್ರ್ಯ ಹೋಯಿತು’ ಎಂದು ಕೂಗಿ, ‘ಬಹಳ ಜನ ಹೆದರುವವನು ಬಹಳ ಜನಕ್ಕೆ ಹೆದರಲೇಬೇಕು’ ಎಂದ. ರಂಗಮಂದಿರದ ಕಣ್ಣೆಲ್ಲ ಸೀಸರನ ಕಡೆ ತಿರುಗಿತು. ಸೀಸರ್ ಬಹುಮಾನವನ್ನು ಪುಬ್ಲಿಲಿಯಸ್‌ಗೆ ಕೊಟ್ಟ. ಲಬೇರಿಯಸ್‌ಗೆ ಚಿನ್ನದುಂಗುರ ಮರಳಿಸಿ ಅಂತಸ್ತು ಹಿಂದಕ್ಕೆ ಕೊಟ್ಟ. ಅವನು ಕೂರಲು ಜಾಗ ಹುಡುಕುತ್ತಾ ಬಂದಾಗ ಹೆಸರಾಂತ ವಾಗ್ಮಿ ಸಿಸೆರೋ, ‘ಇಲ್ಲೇ ಇಕ್ಕಟ್ಟಾಗಿದೆ, ಇಲ್ಲದಿದ್ದರೆ ಜಾಗ ಕೊಡುತ್ತಿದ್ದೆ’ ಎಂದು ಚುಚ್ಚಿದ. ‘ಆಶ್ಚರ್ಯ! ನೀನು ಯಾವಾಗಲೂ ಎರಡು ಪೀಠದ ಮೇಲೆ ಕೂರುವವನಲ್ಲವೇ’ ಎಂದು ಲಬೇರಿಯಸ್ ತಿರುಗಿ ಕೊಟ್ಟ. ಸೀಸರನಿಗೂ ಅವನ ಎದುರಾಳಿ ಪಾಂಪೆಗೂ ನಡುವೆ ಓಲಾಡಿದ ಸಿಸೆರೋಗೆ ಇದಕ್ಕಿಂತ ಸರಿಯಾದ ಪೆಟ್ಟು ಇರಲಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಎಂದು ನಾವು ಅನ್ನುವುದಿಲ್ಲವೇ? ದೋಣಿಯಾದರೆ ನೀರಿಗೆ ಬೀಳುತ್ತೀರಿ. ಲಬೇರಿಯಸ್‌ನ ಪೀಠವಾದರೆ ಬೀಳುವುದಿಲ್ಲ, ಪಕ್ಕದವರ ಜಾಗ ತಿನ್ನುತ್ತೀರಿ. ಈ ಸಣ್ಣ ವ್ಯತ್ಯಾಸವೇ ಮುಂದಿನ ಹೆಜ್ಜೆ.

ಕನ್ನಡದ ಜೋಡಿ ಹುಡುಕಿ, ಎಲ್ಲಿ ಹೊಂದುವುದಿಲ್ಲ ನೋಡಿ

ಪೆಟ್ರೋನಿಯಸ್‌ನ ಕಾದಂಬರಿಯಲ್ಲಿ ಟ್ರಿಮಾಲ್ಕಿಯೋ ಎಂಬ ಹೊಸ ಸಾಹುಕಾರನ ಮನೆಯ ಊಟ ಇದೆ. ಪಂಕ್ತಿಯಲ್ಲಿ ಕೂತವರು ಹೆಚ್ಚಿನವರು ಗುಲಾಮಗಿರಿಯಿಂದ ಬಿಡುಗಡೆಯಾದವರು, ಬಾಯಿ ಬಿಟ್ಟರೆ ಗಾದೆ. ‘ಕತ್ತೆಗೆ ಹೊಡೆಯಲಾಗದವನು ಜೀನಿಗೆ ಹೊಡೆಯುತ್ತಾನೆ’ ಎನ್ನುತ್ತಾನೊಬ್ಬ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ‘ಬೇರೆಯವನ ಮೈಮೇಲಿನ ಹೇನು ಕಾಣುತ್ತೀಯ, ನಿನ್ನ ಮೈಮೇಲಿನ ಉಣ್ಣಿ ಕಾಣುವುದಿಲ್ಲ’ ಎನ್ನುತ್ತಾನೆ ಇನ್ನೊಬ್ಬ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸಿದಂತೆ. ಇವನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆದರೆ ಜೋಡಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ‘ಬೆಟ್ಟಗಳಿಗೆ ಹೆರಿಗೆ ನೋವು, ಹುಟ್ಟುವುದು ನಗೆಪಾಟಲಿನ ಒಂದು ಇಲಿ’ ಎಂದ ಹೊರೇಸ್. ನಾವು ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತೇವೆ. ಬೆಟ್ಟವೂ ಇಲಿಯೂ ಎರಡರಲ್ಲೂ ಇವೆ. ಮೂರ್ಖ ಮಾತ್ರ ಬೇರೆ. ನಮ್ಮಲ್ಲಿ ಅಗೆದವನು ಪೆದ್ದ. ಹೊರೇಸ್ ನಗುವುದು ಬೆಟ್ಟವನ್ನು, ಅಂದರೆ ದೊಡ್ಡ ಗಂಟಲಲ್ಲಿ ಕಾವ್ಯ ಶುರುಮಾಡುವ ಕವಿಯನ್ನು. ಶ್ರಮ ವ್ಯರ್ಥವಾದರೆ ಕನ್ನಡದ್ದು, ಬಡಾಯಿ ಬಯಲಾದರೆ ಹೊರೇಸನದು. ಈ ಅಳತೆ ಗೊತ್ತಾದರೆ ಎರಡು ಭಾಷೆಯಲ್ಲಿ ಎರಡು ಉಪಕರಣ ಸಿಕ್ಕ ಹಾಗೆ.

ಹಣ ಮತ್ತು ಹೊತ್ತು

ಅಂಗಡಿಗೆ ಹೋಗುವಾಗ ಕೇಟೋ. ಸೆನೆಕಾ ಉಳಿಸಿಕೊಟ್ಟ ಅವನ ಮಾತು: ‘ಬೇಕಾದ್ದನ್ನು ಕೊಳ್ಳಬೇಡ, ಬೇಕೇಬೇಕಾದ್ದನ್ನು ಕೊಳ್ಳು, ಬೇಡದ್ದು ಒಂದು ಆಸ್‌ಗೆ ಸಿಕ್ಕರೂ ದುಬಾರಿ.’ ಆಸ್ ಎಂದರೆ ಅವರ ತಾಮ್ರದ ಚಿಲ್ಲರೆ. ಲ್ಯಾಟಿನ್ನಿನ ‘ಓಪುಸ್’ ಮತ್ತು ‘ನೆಕೆಸ್ಸೆ’ಗೆ ಕನ್ನಡದ ಬೇಕು, ಬೇಕೇಬೇಕು ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ. ಚೀಟಿಯಲ್ಲಿ ಎರಡು ಸಾಲು ಮಾಡಿ, ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಕೇಬೇಕು ಎಂದು ತಲೆಬರಹ ಕೊಡಿ. ಮೊದಲನೆಯದನ್ನು ಮನೆಯಲ್ಲೇ ಹರಿದು ಬಿಟ್ಟು ಹೋಗಿ. ಆದರೆ ಬಾಯಿ ಹುಡುಕುವ ನಿಯಮ ಇಲ್ಲೂ ಬಿಡುವುದಿಲ್ಲ: ಮುದಿ ಎತ್ತು, ಹಳೆ ಗಾಡಿಯ ಜೊತೆಗೆ ಮುದಿ ಗುಲಾಮನನ್ನೂ ಮಾರಿಬಿಡು ಎಂದು ಬೇಸಾಯದ ಪುಸ್ತಕದಲ್ಲಿ ಬರೆದವನೂ ಇದೇ ಕೇಟೋ. ಅವನ ಜಿಪುಣತನವನ್ನು ಅಂಗಡಿಯ ಚೀಟಿಯಿಂದ ಆಚೆ ನಾನು ಬಿಟ್ಟುಕೊಳ್ಳುವುದಿಲ್ಲ.

ಹೊತ್ತಿಗೆ ಅಗಸ್ಟಸ್. ‘ಮೆಲ್ಲಗೆ ಅವಸರ ಮಾಡು’ ಎಂಬುದನ್ನು ಅವನು ಗ್ರೀಕಿನಲ್ಲಿ ಹೇಳುತ್ತಿದ್ದ ಎಂದು ಸ್ಯೂಟೋನಿಯಸ್ ಬರೆಯುತ್ತಾನೆ. ಲ್ಯಾಟಿನ್ನಿನಲ್ಲಿ ಅದು ‘ಫೆಸ್ತೀನಾ ಲೆಂತೆ’ ಆಯಿತು. ಅದೇ ಅಗಸ್ಟಸ್ ಬೇಗ ಆಗಬೇಕಾದ್ದಕ್ಕೆ ‘ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ’ ಎನ್ನುತ್ತಿದ್ದನಂತೆ. ಅವನ ಬಾಯಲ್ಲಿ ಎರಡೂ ಇದ್ದವು, ಅದೇ ನನಗೆ ಹಿಡಿಸಿದ್ದು. ಟೈಟಸ್ ಚಕ್ರವರ್ತಿಯ ನಾಣ್ಯದ ಮೇಲೆ ಲಂಗರಿಗೆ ಸುತ್ತಿಕೊಂಡ ಡಾಲ್ಫಿನ್ ಇದೆ. ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಶಿಯಸ್ ಅದನ್ನೇ ತನ್ನ ಅಚ್ಚುಕೂಟದ ಗುರುತು ಮಾಡಿಕೊಂಡ, ವಿದ್ವಾಂಸ ಎರಾಸ್ಮಸ್ ಅದನ್ನು ಈ ಗಾದೆಯ ಚಿತ್ರವೆಂದು, ಡಾಲ್ಫಿನ್ ವೇಗಕ್ಕೆ, ಲಂಗರು ನಿಧಾನಕ್ಕೆ ಎಂದು ಬಿಡಿಸಿ ಹೇಳಿದ. ಆ ಎರಾಸ್ಮಸ್ 1500ರಲ್ಲಿ 818 ಗಾದೆಗಳ ಪುಸ್ತಕದಿಂದ ಶುರುಮಾಡಿ, ಸಾಯುವ ಹೊತ್ತಿಗೆ ಅದನ್ನು ನಾಲ್ಕು ಸಾವಿರ ದಾಟಿಸಿದ್ದ. ನನ್ನ ನೋಟುಬುಕ್ಕಿನಲ್ಲಿರುವುದು 93.

ಪ್ರೂಫಿನಲ್ಲಿ ನಾನು ಡಾಲ್ಫಿನ್ನು, ಲಂಗರು ಎರಡನ್ನೂ ಬಳಸಿದೆ. ಮೊದಲ ಓದು ಅರ್ಥಕ್ಕೆ, ಎಲ್ಲೂ ನಿಲ್ಲದೆ. ಎರಡನೆಯದು ಸಾಲಿನ ಕೆಳಗೆ ಸ್ಕೇಲು ಇಟ್ಟು ಪದ ಪದವಾಗಿ. ಎರಡನ್ನೂ ಸೇರಿಸಿ ಒಂದೇ ಸಲ ನಡುವಿನ ವೇಗದಲ್ಲಿ ಓದಿದರೆ ಎರಡೂ ಕೆಡುತ್ತವೆ. ಪತ್ರ ಬರೆಯುವಾಗ, ಕರಾರು ಓದುವಾಗ, ಮನೆ ಬದಲಾಯಿಸುವಾಗಲೂ ಇದನ್ನೇ ಮಾಡಿ ನೋಡಿ.

ಶುರು ಮಾಡಲು ಆಗದೆ ಕೂತವರಿಗೆ ಹೊರೇಸನ ಹಳ್ಳಿಗನಿದ್ದಾನೆ. ಹೊಳೆ ಹರಿದು ಮುಗಿಯಲಿ, ಆಮೇಲೆ ದಾಟುತ್ತೇನೆ ಎಂದು ದಡದಲ್ಲಿ ಕಾಯುತ್ತಾನೆ. ಹೊಳೆ ಇನ್ನೂ ಹರಿಯುತ್ತಿದೆ.

ರೋಮನ್ ವೇಷದ ಮಾತುಗಳು

ರೋಮಿನ ಹೆಸರು ಇದ್ದ ಮಾತ್ರಕ್ಕೆ ರೋಮಿನದಲ್ಲ. ‘ರೋಮ್ ಒಂದು ದಿನದಲ್ಲಿ ಕಟ್ಟಿದ್ದಲ್ಲ’, ‘ಎಲ್ಲ ದಾರಿಯೂ ರೋಮಿಗೆ’ ಎರಡೂ ಮಧ್ಯಯುಗದವು. ‘ಕೊಳ್ಳುವವನೇ ಎಚ್ಚರ’ ಎಂಬುದು ಲ್ಯಾಟಿನ್ನಿನಲ್ಲಿದ್ದರೂ ಬೆಳೆದದ್ದು ಇಂಗ್ಲಿಷ್ ಕಾನೂನಿನಲ್ಲಿ. ರೋಮಿನ ಮಾರುಕಟ್ಟೆ ಅಧಿಕಾರಿಗಳ ಶಾಸನವೇ ಬೇರೆ: ಗುಲಾಮರನ್ನೂ ದನಗಳನ್ನೂ ಮಾರುವವನು ಅವುಗಳ ಊನವನ್ನು ಮೊದಲೇ ಹೇಳಬೇಕಿತ್ತು. ‘ರೋಮಿನಲ್ಲಿ ರೋಮನ್ನರಂತಿರು’ ಎಂಬುದಕ್ಕೆ ಮಾತ್ರ ಒಂದು ಬೇರಿದೆ. ಕ್ರೈಸ್ತ ಸಂತ ಅಗಸ್ಟೀನನ ತಾಯಿ ಮೋನಿಕಾ ಮಿಲಾನಿಗೆ ಬಂದಾಗ ಅಲ್ಲಿ ಶನಿವಾರದ ಉಪವಾಸ ಇಲ್ಲದ್ದು ಕಂಡು ಗೊಂದಲಕ್ಕೆ ಬಿದ್ದಳು. ಬಿಷಪ್ ಆಂಬ್ರೋಸ್‌ನನ್ನು ಕೇಳಿದರೆ, ‘ರೋಮಿಗೆ ಹೋದಾಗ ಶನಿವಾರ ಉಪವಾಸ ಮಾಡುತ್ತೇನೆ, ಇಲ್ಲಿದ್ದಾಗ ಮಾಡುವುದಿಲ್ಲ’ ಎಂದ. ಹೀಗೆ ಹುಟ್ಟಿದ್ದು ಮಿಲಾನಿನಲ್ಲಿ, ಊಟದ ವಿಷಯಕ್ಕೆ, ಒಬ್ಬ ತಾಯಿಯ ಚಿಂತೆಗೆ.

ಸಂಶಯ ಬಂದಾಗ ನಾನು ಮಾಡುವುದು ಇಷ್ಟೇ. ಲೇಖಕನ ಹೆಸರಿನ ಜೊತೆ ಕೃತಿಯೂ ಸಾಲೂ ಸಿಗುತ್ತದೆಯೇ ನೋಡುತ್ತೇನೆ. ಬರೀ ‘ರೋಮನ್ ಗಾದೆ’ ಎಂದಿದ್ದರೆ ಪೆನ್ಸಿಲಿನಲ್ಲಿ ಬರೆಯುತ್ತೇನೆ, ಶಾಯಿಯಲ್ಲಿ ಅಲ್ಲ.

ಜನರ ನಡುವೆ

ಗಾದೆಯನ್ನು ಇನ್ನೊಬ್ಬರ ಮೇಲೆ ಎಸೆಯುವ ಮುಂಚೆ ಒಂದು ವಾರ ನಿಮ್ಮ ಮೇಲೆ ಹಚ್ಚಿಕೊಳ್ಳಿ. ಎಲ್ಲೂ ಚುಚ್ಚದಿದ್ದರೆ ಸರಿಯಾಗಿ ಹಚ್ಚಿಲ್ಲ. ಹೇನು, ಉಣ್ಣಿಯ ಗಾದೆಯನ್ನು ನಾನು ಒಂದು ವಾರ ಇಟ್ಟುಕೊಂಡೆ. ಎಂಟನೆಯ ದಿನ ಯಾರಿಗೂ ಹೇಳುವ ಮನಸ್ಸಾಗಲಿಲ್ಲ.

ಗೆಳೆತನಕ್ಕೆ ಸಿಸೆರೋ ಎರಡು ಉಳಿಸಿದ್ದಾನೆ. ಸ್ನೇಹ ಪೂರ್ತಿಯಾಗಬೇಕಾದರೆ ಜೊತೆಗೆ ಕೂತು ಎಷ್ಟೋ ಮೋದಿಯಸ್ ಉಪ್ಪು ತಿನ್ನಬೇಕು ಎಂಬುದು ಒಂದು. ಮೋದಿಯಸ್ ಎಂದರೆ ಸುಮಾರು 8.7 ಲೀಟರಿನ ಕೊಳಗ. ಊಟಕ್ಕೊಂದು ಚಿಟಿಕೆಯ ಲೆಕ್ಕದಲ್ಲಿ ಒಂದು ಕೊಳಗ ಮುಗಿಯಲು ಎಷ್ಟು ಊಟ ಬೇಕೆಂದು ಕಾಗದದ ಮೇಲೆ ಮಾಡಿ ನೋಡಿ, ಹೊಸ ಪರಿಚಯದವರಿಗೆ ಗುಟ್ಟು ಹೇಳುವ ಅವಸರ ತಾನೇ ಇಳಿಯುತ್ತದೆ.

ಎರಡನೆಯದು ಹಳ್ಳಿಗರ ಬಾಯಿಂದ ಬಂದು ಸವೆದ ಗಾದೆ ಎಂದು ಅವನೇ ಹೇಳುತ್ತಾನೆ. ಒಬ್ಬನ ನಂಬಿಕೆಯನ್ನು ಹೊಗಳಬೇಕಾದರೆ, ‘ಅವನ ಜೊತೆ ಕತ್ತಲಲ್ಲಿ ಬೆರಳಾಟ ಆಡಬಹುದು’ ಎನ್ನುತ್ತಿದ್ದರಂತೆ. ಆಟ ಸುಲಭ. ಇಬ್ಬರೂ ಒಟ್ಟಿಗೆ ಕೈ ಮುಂದೆ ಮಾಡಿ ಇಷ್ಟ ಬಂದಷ್ಟು ಬೆರಳು ಚಾಚಬೇಕು, ಅದೇ ಗಳಿಗೆಯಲ್ಲಿ ಇಬ್ಬರದೂ ಸೇರಿ ಎಷ್ಟಾಗುತ್ತದೆ ಎಂದು ಕೂಗಬೇಕು. ಸರಿ ಹೇಳಿದವರು ಗೆದ್ದರು. ಇಟಲಿಯಲ್ಲಿ ಇಂದಿಗೂ ಮೋರಾ ಎಂದು ಆಡುತ್ತಾರೆ. ಕತ್ತಲಲ್ಲಾದರೆ ಎದುರಿನವರ ಬೆರಳು ಕಾಣುವುದಿಲ್ಲ, ಅವರು ಹೇಳಿದ್ದೇ ಲೆಕ್ಕ.

ಈ ಪುಟದ ಕೆಳಗಿನ ಅರ್ಧ ಬಹಳ ದಿನ ಖಾಲಿ ಇತ್ತು. ಮೊನ್ನೆ ಕರೆಂಟು ಹೋದಾಗ ಮೊಮ್ಮಗಳಿಗೆ ಕಲಿಸಿದೆ. ನಾಲ್ಕು ಆಟ ಅವಳೇ ಗೆದ್ದಳು. ಐದನೆಯ ಸಲ ನಾನು ಏಳು ಎಂದು ಕೂಗಿದೆ. ‘ನನ್ನದು ನಾಲ್ಕು ಅಜ್ಜಿ, ನಿನ್ನದು?’ ಎಂದಳು. ನಾನು ಚಾಚಿದ್ದು ಎರಡು. ‘ಮೂರು’ ಎಂದೆ. ‘ಹೌದಾ, ಹಾಗಾದರೆ ನೀನೇ ಗೆದ್ದೆ’ ಎಂದು ಚಪ್ಪಾಳೆ ತಟ್ಟಿದಳು. ಕರೆಂಟು ಬಂದ ಮೇಲೆ ನೋಟುಬುಕ್ಕು ತೆಗೆದು ತಾರೀಖು ಹಾಕಿ, ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ಶಾಯಿಯಲ್ಲಿ.